ಪರಂಪರೆ ಸಂರಕ್ಷಣೆ: ಅನುದಾನ, ದತ್ತಿ ಮತ್ತು ವಿದ್ಯಾರ್ಥಿವೇತನ

ಹಳೆಯ ಕಟ್ಟಡ ಉಳಿಯಬೇಕಾದರೆ ಎರಡು ಬಗೆಯ ಖರ್ಚು ಬೀಳುತ್ತದೆ. ಕುಸಿದದ್ದನ್ನು ಎತ್ತಿ ನಿಲ್ಲಿಸುವುದು ಒಂದು. ನಿಂತದ್ದು ಮತ್ತೆ ಕುಸಿಯದಂತೆ ವರ್ಷವರ್ಷವೂ ನೋಡಿಕೊಳ್ಳುವುದು ಇನ್ನೊಂದು. ಮೊದಲನೆಯ ಕೆಲಸಕ್ಕೆ ದಾನಿಗಳು ಮುಂದೆ ಬರುತ್ತಾರೆ, ಶಿಲಾಫಲಕ ಏಳುತ್ತದೆ, ಉದ್ಘಾಟನೆ ನಡೆಯುತ್ತದೆ. ಚಾವಣಿಯ ಮೇಲೆ ಮೊಳೆತ ಅರಳಿ ಸಸಿಯನ್ನು ಬೇರೂರುವ ಮೊದಲೇ ಕೀಳುವ ಕೆಲಸಕ್ಕೆ ಯಾರೂ ಫಲಕ ಹಾಕಿಸುವುದಿಲ್ಲ. ಸಂರಕ್ಷಣೆಯ ಹಣ ಎಲ್ಲಿಂದ ಬರುತ್ತದೆ, ಯಾವ ಷರತ್ತಿನ ಮೇಲೆ ಬರುತ್ತದೆ, ಯಾರ ಕೈಗೆ ಸೇರುತ್ತದೆ ಎಂಬುದನ್ನು ನೋಡುತ್ತ ಹೋದರೆ ಈ ಅಂತರ ಮತ್ತೆ ಮತ್ತೆ ಎದುರಾಗುತ್ತದೆ.

ಕನ್ನಡನಾಡಿನ ಶಾಸನಗಳು ಎರಡನೆಯ ಖರ್ಚನ್ನು ಮರೆತಿರಲಿಲ್ಲ. ದೇಗುಲಕ್ಕೋ ಬಸದಿಗೋ ಭೂಮಿ ಬಿಟ್ಟುಕೊಡುವಾಗ ಅದರ ಹುಟ್ಟುವಳಿ ಯಾವ್ಯಾವುದಕ್ಕೆ ಸಲ್ಲಬೇಕೆಂದು ಅವು ವಿವರವಾಗಿ ಹೇಳುತ್ತವೆ: ದೇವರ ಅಂಗಭೋಗ, ರಂಗಭೋಗಕ್ಕೆ, ತಪಸ್ವಿಗಳ ಆಹಾರದಾನಕ್ಕೆ, ವಿದ್ಯಾದಾನಕ್ಕೆ, ಜೊತೆಗೆ ಖಂಡಸ್ಫುಟಿತ ಜೀರ್ಣೋದ್ಧಾರಕ್ಕೆ. ಒಡೆದದ್ದು, ಬಿರುಕು ಬಿಟ್ಟದ್ದು ಏನಿದ್ದರೂ ಅದರ ದುರಸ್ತಿಗೆ ಗದ್ದೆಯ ಆದಾಯದಲ್ಲಿ ಪಾಲು ಮೀಸಲಿರುತ್ತಿತ್ತು. ಶಾಸನದ ಕೊನೆಯ ಶಾಪಾಶಯ ಶ್ಲೋಕಗಳು ದತ್ತಿಯನ್ನು ಕಬಳಿಸಿದವನಿಗೆ ಘೋರ ಗತಿಯನ್ನು ವಿಧಿಸುತ್ತವೆ. ತಾನೇ ಹೊಸದಾಗಿ ದಾನ ಕೊಡುವುದಕ್ಕಿಂತ ಹಿಂದಿನವರು ಕೊಟ್ಟದ್ದನ್ನು ಕಾಪಾಡುವುದು ಹೆಚ್ಚಿನ ಪುಣ್ಯವೆಂದೂ ಸಾರುತ್ತವೆ. ಬಂಡವಾಳವನ್ನು ಮುಟ್ಟದೆ ಅದರ ಫಲದಿಂದ ಕಟ್ಟಡವನ್ನು ನೋಡಿಕೊಳ್ಳುವ ಈ ಏರ್ಪಾಟು ಇಂದಿನ ಶಾಶ್ವತ ನಿಧಿಗಳ ತತ್ವಕ್ಕೆ ತೀರ ಹತ್ತಿರದ್ದು.

ಸ್ವಾತಂತ್ರ್ಯಾನಂತರ ಈ ಸರಪಳಿ ಕಡಿಯಿತು. ಉಳುವವನಿಗೆ ಭೂಮಿ ಸಿಗಬೇಕೆಂಬ ನ್ಯಾಯವಾದ ಉದ್ದೇಶದಿಂದ ಇನಾಮು ರದ್ದತಿ ಕಾನೂನುಗಳು ಬಂದವು. ಮೈಸೂರು ರಾಜ್ಯದಲ್ಲಿ ಧಾರ್ಮಿಕ ಮತ್ತು ಧರ್ಮಾದಾಯ ಇನಾಮುಗಳನ್ನು ರದ್ದುಪಡಿಸುವ ಕಾಯ್ದೆ 1955ರದು. ಭೂಮಿ ಕಳೆದುಕೊಂಡ ದೇವಸ್ಥಾನಗಳಿಗೆ ಸರ್ಕಾರ ವಾರ್ಷಿಕ ತಸ್ತೀಕ್ ಗೊತ್ತುಮಾಡಿತು. ತಸ್ತೀಕಿನ ಹಣ ದೀಪದ ಎಣ್ಣೆಗೆ, ನೈವೇದ್ಯಕ್ಕೆ, ಅರ್ಚಕರ ಜೀವನಕ್ಕೆ ಸಾಕಾದರೆ ಹೆಚ್ಚು. ಸೋರುವ ನವರಂಗಕ್ಕೆ ಅದರಲ್ಲಿ ಏನೂ ಮಿಗುವುದಿಲ್ಲ. ದುರಸ್ತಿಯ ಹೊಣೆ ಊರಿನಿಂದ ಸರ್ಕಾರದ ಕಡತಕ್ಕೆ ಹೋದದ್ದು ಹೀಗೆ.

ಸರ್ಕಾರದ ಕಡೆಯ ವ್ಯವಸ್ಥೆಗೆ ಬೇರೆಯದೇ ಇತಿಹಾಸವಿದೆ. 1861ರಲ್ಲಿ ಅಲೆಕ್ಸಾಂಡರ್ ಕನ್ನಿಂಗ್‌ಹ್ಯಾಮ್ ನೇತೃತ್ವದಲ್ಲಿ ಆರಂಭವಾದ ಪುರಾತತ್ವ ಸರ್ವೇಕ್ಷಣೆಗೆ ಮೊದಲು ಇದ್ದದ್ದು ಹುಡುಕುವ, ದಾಖಲಿಸುವ ಕೆಲಸ. ಕರ್ಜನ್ ಕಾಲದ 1904ರ ಕಾಯ್ದೆ ಸಂರಕ್ಷಣೆಯನ್ನು ಕಾನೂನಿನ ಚೌಕಟ್ಟಿಗೆ ತಂದಿತು. ಜಾನ್ ಮಾರ್ಷಲ್ 1923ರಲ್ಲಿ ಸಂರಕ್ಷಣಾ ಕೈಪಿಡಿ ಬರೆದು ಕೆಲಸದ ರೀತಿಯನ್ನು ಗೊತ್ತುಪಡಿಸಿದರು. ಇಂದು ಕೇಂದ್ರದ ರಕ್ಷಣೆಯಲ್ಲಿ ಮೂರೂವರೆ ಸಾವಿರಕ್ಕೂ ಹೆಚ್ಚು ಸ್ಮಾರಕಗಳಿವೆ, ಅವುಗಳಲ್ಲಿ ಕರ್ನಾಟಕದ ಪಾಲು ದೊಡ್ಡದು. ಪಟ್ಟಿಗೆ ಸೇರಿದ ಮಾತ್ರಕ್ಕೆ ಸ್ಮಾರಕ ಸುರಕ್ಷಿತವಾಗುವುದಿಲ್ಲ. ಮಹಾಲೇಖಪಾಲರ 2013ರ ವರದಿಗಾಗಿ ಸ್ಥಳಕ್ಕೇ ಹೋಗಿ ಪರಿಶೀಲಿಸಿದ 1,655 ಸಂರಕ್ಷಿತ ಸ್ಮಾರಕಗಳಲ್ಲಿ 92 ಸಿಗಲೇ ಇಲ್ಲ.

ರಾಜ್ಯಗಳ ಪಟ್ಟಿಯಲ್ಲಿರುವ ಸ್ಮಾರಕಗಳಿಗೆ ಹಣ ಇನ್ನೂ ವಿರಳ. 12ನೇ ಹಣಕಾಸು ಆಯೋಗ 2005ರಿಂದ 2010ರ ಅವಧಿಗೆ ಪರಂಪರೆ ಸಂರಕ್ಷಣೆಗೆಂದೇ ಎಲ್ಲ ರಾಜ್ಯಗಳಿಗೂ ಸೇರಿ 625 ಕೋಟಿ ರೂಪಾಯಿ ಶಿಫಾರಸು ಮಾಡಿದ್ದು ಆ ದೃಷ್ಟಿಯಿಂದ ಮಹತ್ವದ ಹೆಜ್ಜೆ. ಆದರೆ ಇಂಥ ಹಣಕ್ಕೆ ತನ್ನದೇ ಗಡಿಯಾರವಿದೆ. ಟೆಂಡರ್ ಕರೆದು, ಕನಿಷ್ಠ ದರ ಹಾಕಿದವನಿಗೆ ಕೆಲಸ ಒಪ್ಪಿಸಿ, ಮಾರ್ಚ್ 31ರೊಳಗೆ ಖರ್ಚು ತೋರಿಸಿ, ಬಳಕೆ ಪ್ರಮಾಣಪತ್ರ ಕಳಿಸಬೇಕು. ಗಾರೆಗೆ ಆ ಅವಸರ ಒಗ್ಗದು. ಸುಣ್ಣವನ್ನು ನೀರಿನಲ್ಲಿ ಅರಳಿಸಬೇಕು, ಮರಳಿನೊಡನೆ ಗಾಣದಲ್ಲಿ ಅರೆಯಬೇಕು, ಬೆಲ್ಲ ಮತ್ತು ಅಳಲೆಕಾಯಿ ನೆನೆಸಿದ ನೀರು ಬೆರೆಸಬೇಕು, ಬಳಿದ ಮೇಲೆ ನಿಧಾನವಾಗಿ ಒಣಗಲು ಬಿಡಬೇಕು. ಅವಸರ ಬಿದ್ದಾಗ ಕೈ ಹೋಗುವುದು ಸಿಮೆಂಟ್ ಚೀಲದ ಕಡೆಗೆ. ಸಿಮೆಂಟ್ ಹಳೆಯ ಗೋಡೆಯ ತೇವವನ್ನು ಹೊರಬಿಡದೆ ಒಳಗೇ ಕೂಡಿಹಾಕುತ್ತದೆ, ಲವಣ ಉಕ್ಕಿ ಕಲ್ಲು ಪದರ ಪದರವಾಗಿ ಉದುರುತ್ತದೆ. ಸಂರಕ್ಷಣೆಯ ಹೆಸರಿನಲ್ಲಿ ಬಂದ ಹಣವೇ ಕಟ್ಟಡಕ್ಕೆ ಕೇಡು ಮಾಡಿದ ನಿದರ್ಶನಗಳು ಎಲ್ಲ ದೇಶಗಳಲ್ಲೂ ಇವೆ.

ಭಾರತದಲ್ಲಿ ಖಾಸಗಿ ಹಣಕ್ಕೆ ಬಾಗಿಲು ತೆರೆದದ್ದು 1996ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಸಂಸ್ಕೃತಿ ನಿಧಿ. 1890ರ ಧರ್ಮಾದಾಯ ದತ್ತಿ ಕಾಯ್ದೆಯ ಅಡಿಯಲ್ಲಿ, ಸರ್ಕಾರದ 19.5 ಕೋಟಿ ರೂಪಾಯಿ ಮೂಲನಿಧಿಯೊಂದಿಗೆ ಅದು ಹುಟ್ಟಿತು. ದಾನಿ ತನಗೆ ಬೇಕಾದ ಸ್ಮಾರಕವನ್ನು ಆರಿಸಿಕೊಳ್ಳಬಹುದು, ಕೊಟ್ಟ ಮೊತ್ತಕ್ಕೆ ಪೂರ್ತಿ ಆದಾಯ ತೆರಿಗೆ ವಿನಾಯಿತಿ ಇದೆ, ಯೋಜನೆಯ ಮೇಲ್ವಿಚಾರಣಾ ಸಮಿತಿಯಲ್ಲಿ ದಾನಿಯ ಪ್ರತಿನಿಧಿಗೂ ಜಾಗವಿದೆ. ಈ ನಿಧಿಯ ಮೂಲಕ ನಡೆದ ಮೊದಲ ದೊಡ್ಡ ಕೆಲಸ ದಿಲ್ಲಿಯ ಹುಮಾಯೂನ್ ಸಮಾಧಿಯ ಉದ್ಯಾನ. ಸ್ವಾತಂತ್ರ್ಯದ 50ನೇ ವರ್ಷದ ಕೊಡುಗೆಯಾಗಿ ಆಗಾ ಖಾನ್ ಸಾಂಸ್ಕೃತಿಕ ಟ್ರಸ್ಟ್ ಇದನ್ನು ಕೈಗೆತ್ತಿಕೊಂಡು 2003ರಲ್ಲಿ ಮುಗಿಸಿತು. ಶತಮಾನಗಳ ಹಿಂದಿನ ಚಾರ್‌ಬಾಗ್‌ನ ಕಾಲುವೆಗಳಲ್ಲಿ ನೀರು ಮತ್ತೆ ಹರಿಯಬೇಕಾಗಿತ್ತು. ಪ್ರತಿ 40 ಮೀಟರಿಗೆ 1 ಸೆಂಟಿಮೀಟರ್ ಇಳಿಜಾರು ಬರುವಂತೆ ಕಾಲುವೆಯ ತಳವನ್ನು ಕೈಯಿಂದಲೇ ಸರಿಪಡಿಸಲಾಯಿತು. ಕಲ್ಲುಕುಟಿಗರ ಕಣ್ಣಳತೆ ಒಂದಿಷ್ಟು ತಪ್ಪಿದ್ದರೂ ನೀರು ನಿಂತುಬಿಡುತ್ತಿತ್ತು.

ಸಮಾಧಿಯ ಕಟ್ಟಡದ ಕೆಲಸ 2007ರಲ್ಲಿ ಶುರುವಾಯಿತು. ಸರ್ ದೊರಾಬ್ಜಿ ಟಾಟಾ ಟ್ರಸ್ಟ್ ಹಣದಲ್ಲಿ ಪಾಲು ಹೊತ್ತುಕೊಂಡಿತು. ಚಾವಣಿ ಸೋರುತ್ತದೆಂದು 20ನೇ ಶತಮಾನದ ಉದ್ದಕ್ಕೂ ಒಂದರ ಮೇಲೊಂದು ಕಾಂಕ್ರೀಟ್ ಪದರ ಸುರಿಯಲಾಗಿತ್ತು. ಆ ಭಾರ ಗುಮ್ಮಟದ ಸುತ್ತಲ ಕಮಾನುಗಳ ಮೇಲೆ ಕೂತಿತ್ತು. ಕೆಳಗಿನ ರಚನೆ ಅದುರಬಾರದೆಂದು ಯಂತ್ರ ಬಳಸದೆ, ಉಳಿ ಸುತ್ತಿಗೆಯಿಂದ ಕೆತ್ತಿ ಕೆತ್ತಿ ಸುಮಾರು 10 ಲಕ್ಷ ಕಿಲೋ ಕಾಂಕ್ರೀಟನ್ನು ಕೆಳಗಿಳಿಸಿದರು, ಅದರ ಜಾಗಕ್ಕೆ ಸುಣ್ಣದ ಗಾರೆ ಬಂತು. ಮೇಲಿನ ಪುಟ್ಟ ಛತ್ರಿಗಳ ನೀಲಿ, ಹಸಿರು, ಹಳದಿ ಬಿಲ್ಲೆಗಳನ್ನು ಮಾಡುವ ವಿದ್ಯೆ ಇಲ್ಲಿ ಅಳಿಸಿಹೋಗಿತ್ತು. ಉಜ್ಬೇಕಿಸ್ತಾನದಿಂದ ಕುಶಲಕರ್ಮಿಗಳನ್ನು ಕರೆಸಿ, ಪಕ್ಕದ ನಿಜಾಮುದ್ದೀನ್ ಬಸ್ತಿಯ ಯುವಕರಿಗೆ ಅದನ್ನು ಕಲಿಸಲಾಯಿತು. 2013ರ ಸೆಪ್ಟೆಂಬರಿನಲ್ಲಿ ಕೆಲಸ ಮುಗಿಯುವ ಹೊತ್ತಿಗೆ ಕುಶಲಕರ್ಮಿಗಳ 2 ಲಕ್ಷ ಮಾನವದಿನಗಳ ದುಡಿಮೆ ಅದರಲ್ಲಿ ಸೇರಿತ್ತು. ಕಳೆದುಹೋದ ಬಿಲ್ಲೆಗಳ ಜಾಗದಲ್ಲಿ ಹೊಸದನ್ನು ಕೂರಿಸಿದ್ದು ಸರಿಯೇ ಎಂಬ ಚರ್ಚೆ ತಜ್ಞರಲ್ಲಿ ನಡೆಯಿತು, ಅದು ಎತ್ತಲೇಬೇಕಾದ ಪ್ರಶ್ನೆಯೂ ಹೌದು. ಹಾಗಿದ್ದರೂ ಖರ್ಚಿನ ದೊಡ್ಡ ಪಾಲು ಕುಶಲಕರ್ಮಿಗಳ ಕೂಲಿಗೆ ಹೋದದ್ದು, ಒಂದು ಬಡ ಬಸ್ತಿಗೆ ಹೊಸ ವಿದ್ಯೆ ದಕ್ಕಿದ್ದು ಈ ಯೋಜನೆಯ ನಿಜವಾದ ಹೆಚ್ಚುಗಾರಿಕೆ.

2013ರ ಕಂಪನಿ ಕಾಯ್ದೆ ಇನ್ನೊಂದು ಮೂಲವನ್ನು ಸೇರಿಸಿತು. ಲಾಭದ ಶೇ 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಗೆ ಖರ್ಚು ಮಾಡಬೇಕಾದ ದೊಡ್ಡ ಕಂಪನಿಗಳು ಐತಿಹಾಸಿಕ ಕಟ್ಟಡಗಳ ಪುನರುಜ್ಜೀವನವನ್ನೂ ಅದರಡಿ ಕೈಗೊಳ್ಳಬಹುದೆಂದು ಏಳನೇ ಅನುಸೂಚಿ ಹೇಳುತ್ತದೆ. 2017ರ ಸೆಪ್ಟೆಂಬರಿನಲ್ಲಿ ಬಂದ ಸ್ಮಾರಕ ದತ್ತು ಯೋಜನೆ ಈ ಹಣವನ್ನು ಸೆಳೆಯುವ ಪ್ರಯತ್ನ. ಮರುವರ್ಷ ಕೆಂಪುಕೋಟೆಗಾಗಿ ದಾಲ್ಮಿಯಾ ಭಾರತ್ ಕಂಪನಿ 5 ವರ್ಷಕ್ಕೆ 25 ಕೋಟಿ ರೂಪಾಯಿಯ ಒಪ್ಪಂದ ಮಾಡಿಕೊಂಡಾಗ ಕೋಟೆಯನ್ನೇ ಮಾರಿದರೆಂಬ ಗದ್ದಲವೆದ್ದಿತು. ಒಪ್ಪಂದ ಇದ್ದದ್ದು ಕುಡಿಯುವ ನೀರು, ಶೌಚಾಲಯ, ಬೆಳಕು, ಮಾಹಿತಿ ಫಲಕಗಳಂಥ ಪ್ರವಾಸಿ ಸೌಕರ್ಯಗಳಿಗೆ. ಅಂಥ ಸೌಕರ್ಯ ಬೇಕು, ನಿಜ. ಆದರೆ ಜನ ಸೇರದ ಜಾಗಕ್ಕೆ ಕಂಪನಿಯ ಹಣ ತಾನಾಗಿ ಹರಿದು ಬರುವುದಿಲ್ಲ, ಹೊಲದ ನಡುವೆ ಒಂಟಿಯಾಗಿ ನಿಂತ ತ್ರಿಕೂಟಾಚಲಕ್ಕಂತೂ ಬರುವುದೇ ಇಲ್ಲ.

ಅಂಥ ಒಂಟಿ ಗುಡಿಗಳಿಗೆ ದಾರಿ ತೋರಿಸಿದ್ದು ಧರ್ಮಸ್ಥಳ. ಡಿ. ವೀರೇಂದ್ರ ಹೆಗ್ಗಡೆಯವರು 1991ರಲ್ಲಿ ಸ್ಥಾಪಿಸಿದ ಮಂಜುನಾಥೇಶ್ವರ ಧರ್ಮೋತ್ಥಾನ ಟ್ರಸ್ಟ್ ರಾಜ್ಯದಲ್ಲಿ ಇನ್ನೂರಕ್ಕೂ ಹೆಚ್ಚು ಪ್ರಾಚೀನ ದೇವಾಲಯಗಳನ್ನು ಎತ್ತಿ ನಿಲ್ಲಿಸಿದೆ. ಇದರ ಹಣಕಾಸಿನ ಸೂತ್ರ ಸರಳ: ಖರ್ಚಿನಲ್ಲಿ ರಾಜ್ಯ ಸರ್ಕಾರದ ಪಾಲು ಶೇ 40, ಟ್ರಸ್ಟಿನದು ಶೇ 40, ಉಳಿದ ಶೇ 20 ಊರಿನವರದು. ವಾಲಿದ ಗುಡಿಯ ಒಂದೊಂದು ಕಲ್ಲಿಗೂ ಬಣ್ಣದಲ್ಲಿ ಸಂಖ್ಯೆ ಬರೆದು ಬಿಚ್ಚುತ್ತಾರೆ, ತಳಪಾಯ ಗಟ್ಟಿ ಮಾಡುತ್ತಾರೆ, ಸಂಖ್ಯೆಯ ಕ್ರಮದಲ್ಲೇ ಮತ್ತೆ ಜೋಡಿಸುತ್ತಾರೆ. ಈ ಸೂತ್ರದಲ್ಲಿ ಅತಿ ಚಿಕ್ಕ ಪಾಲಾದ ಊರಿನವರ ವಂತಿಗೆಯೇ ಅತಿ ಮುಖ್ಯವಾದದ್ದು. ತಾವು ಕೈಯಿಂದ ಹಣ ಹಾಕಿದ ಗುಡಿಯ ಅಂಗಳದಲ್ಲಿ ಮತ್ತೆ ಒಕ್ಕಣೆ ಮಾಡಲು, ಹುಲ್ಲು ಒಟ್ಟಲು, ದನ ಕಟ್ಟಲು ಯಾರಿಗೂ ಮನಸ್ಸು ಬರುವುದಿಲ್ಲ. ಬಿಚ್ಚಿ ಜೋಡಿಸುವುದು ಸಂರಕ್ಷಣೆಯ ಕೊನೆಯ ಉಪಾಯ ಆಗಬೇಕೆಂಬ ಆಕ್ಷೇಪ ಇದ್ದೇ ಇದೆ. ಬೇರುಗಳು ಸೀಳಿ ಹಾಕಿದ ಭಿತ್ತಿಗೆ ಎಷ್ಟೋ ಸಲ ಅದೊಂದೇ ಉಪಾಯ ಉಳಿದಿರುತ್ತದೆ.

ದೇವಾಲಯ, ಕೋಟೆಗಳಿಗಾದರೂ ಕೇಳುವವರಿದ್ದಾರೆ. ಖಾಸಗಿ ಒಡೆತನದ ಹಳೆಯ ಮನೆಗಳದು ಅನಾಥ ಸ್ಥಿತಿ. ತೊಟ್ಟಿಮನೆಯ ಯಜಮಾನನಿಗೆ ಹೆಂಚು ಬದಲಿಸಲು ಅನುದಾನ ಕೊಡುವ ಯೋಜನೆ ನಮ್ಮಲ್ಲಿ ಬೇರೂರಿಲ್ಲ. ಪುದುಚೇರಿಯಲ್ಲಿ ನಡೆದ ಒಂದು ಪ್ರಯೋಗವನ್ನು ಇಲ್ಲಿ ನೆನೆಯಬೇಕು. ಐರೋಪ್ಯ ಒಕ್ಕೂಟದ ಏಷ್ಯಾ ಅರ್ಬ್ಸ್ ಕಾರ್ಯಕ್ರಮದಡಿ 2002ರಿಂದ 2004ರ ನಡುವೆ ಅಲ್ಲಿನ ವೈಶ್ಯಾಳ್ ಬೀದಿಯ ಮನೆಗಳ ಮುಂಭಾಗವನ್ನು ಹಳೆಯ ರೀತಿಯಲ್ಲೇ ದುರಸ್ತಿ ಮಾಡಲಾಯಿತು. ಮನೆಯವರು ಒಂದು ಪಾಲು ಹಾಕಿದರೆ ಯೋಜನೆ ಒಂದು ಪಾಲು ಹಾಕುತ್ತಿತ್ತು. ಮರದ ಕಂಬದ ಜಗಲಿಗಳು, ಬಾಗಿದ ಹೆಂಚಿನ ಮಾಡುಗಳು ಬೀದಿಯ ಉದ್ದಕ್ಕೂ ಮರಳಿದವು. ಭಾರತೀಯ ಪರಂಪರಾ ನ್ಯಾಸ ಇಂಟ್ಯಾಕ್ ಅದರ ತಾಂತ್ರಿಕ ಹೊಣೆ ಹೊತ್ತಿತ್ತು. ಮೈಸೂರಿನಲ್ಲಿ 2012ರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ, 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಕುಸಿದವು. ಆಮೇಲೆ ವರ್ಷಗಟ್ಟಲೆ ನಡೆದದ್ದು ಕೆಡವಬೇಕೋ ಉಳಿಸಬೇಕೋ ಎಂಬ ವಾದ. ವಾರ್ಷಿಕ ದುರಸ್ತಿಗೆ ಮೊದಲೇ ಒಂದು ನಿಧಿ ಇದ್ದಿದ್ದರೆ ಆ ವಾದಕ್ಕೇ ಆಸ್ಪದ ಇರುತ್ತಿರಲಿಲ್ಲ.

ಹೊರದೇಶಗಳು ಈ ಹಣವನ್ನು ಹೊಂದಿಸಿದ ಬಗೆ ಕುತೂಹಲಕರ. ನ್ಯೂಯಾರ್ಕಿನ ಪೆನ್ ನಿಲ್ದಾಣವನ್ನು 1963ರಲ್ಲಿ ಕೆಡವಲು ಶುರುಮಾಡಿದಾಗ ಎದ್ದ ಸಿಟ್ಟು ಅಮೆರಿಕದ 1966ರ ಸಂರಕ್ಷಣಾ ಕಾಯ್ದೆಗೆ ಒತ್ತಾಸೆಯಾಯಿತು. 1976ರ ತಿದ್ದುಪಡಿ ಅಲ್ಲಿ ಐತಿಹಾಸಿಕ ಸಂರಕ್ಷಣಾ ನಿಧಿಯನ್ನು ಹುಟ್ಟುಹಾಕಿತು. ಅದರ ಹಣ ಬರುವುದು ಸಮುದ್ರತಳದ ತೈಲ ಮತ್ತು ಅನಿಲದ ಗುತ್ತಿಗೆಗಳಿಂದ. ಭೂಮಿಯ ಒಂದು ಸಂಪತ್ತನ್ನು ತೆಗೆದು ಖರ್ಚು ಮಾಡುವಾಗ ಅದರಲ್ಲೊಂದು ಪಾಲು ಇನ್ನೊಂದು ಸಂಪತ್ತಿನ ಉಳಿವಿಗೆ ಹೋಗಲಿ ಎಂಬುದು ಅದರ ಹಿಂದಿನ ವಿಚಾರ. ಕಾಯ್ದೆ ಇಟ್ಟ ಮಿತಿ ವರ್ಷಕ್ಕೆ 15 ಕೋಟಿ ಡಾಲರ್. ರಾಜ್ಯಗಳ ಸಂರಕ್ಷಣಾ ಕಚೇರಿಗಳು ತಮ್ಮ ಪಾಲಿನ ಶೇ 40ನ್ನು ತಾವೇ ಹೊಂದಿಸಬೇಕು. ಇಂಥ ಅನುದಾನದಲ್ಲಿ ದುರಸ್ತಿಯಾದ ಕಟ್ಟಡದ ಮಾಲೀಕ ಅದನ್ನು ಗೊತ್ತಾದ ಅವಧಿಯವರೆಗೆ ಮನಬಂದಂತೆ ಬದಲಿಸುವುದಿಲ್ಲವೆಂದು ಕರಾರು ಬರೆದುಕೊಡಬೇಕು. ಅದಕ್ಕಿಂತ ಹೆಚ್ಚು ಕಟ್ಟಡಗಳನ್ನು ಉಳಿಸಿದ್ದು ತೆರಿಗೆ ರಿಯಾಯಿತಿ: ವ್ಯಾಪಾರಕ್ಕೆ ಬಳಸುವ ಐತಿಹಾಸಿಕ ಕಟ್ಟಡದ ನವೀಕರಣ ವೆಚ್ಚದಲ್ಲಿ ಶೇ 20ನ್ನು ತೆರಿಗೆಯಿಂದ ಕಳೆಯಬಹುದು. ಖಾಸಗಿ ನ್ಯಾಷನಲ್ ಟ್ರಸ್ಟ್ 2017ರಲ್ಲಿ ಕಪ್ಪುಜನರ ಪರಂಪರೆಗೆಂದೇ ಬೇರೆ ನಿಧಿ ತೆರೆಯಿತು. ಅದೇ ವರ್ಷ ಗಾಯಕಿ ನೀನಾ ಸಿಮೋನ್ ಹುಟ್ಟಿದ ಉತ್ತರ ಕ್ಯಾರೊಲಿನಾದ ಮೂರು ಕೋಣೆಯ ಮರದ ಮನೆಯನ್ನು ನಾಲ್ವರು ಕಲಾವಿದರು 95,000 ಡಾಲರಿಗೆ ಕೊಂಡು ಉಳಿಸಿದರು, ಆಮೇಲೆ ಅದರ ದುರಸ್ತಿಗೆ ಟ್ರಸ್ಟ್ ಕೈಜೋಡಿಸಿತು. ಅರಮನೆ, ಚರ್ಚುಗಳಿಗೆ ಮೀಸಲಾಗಿದ್ದ ಗೌರವ ಬಡವರ ಮನೆಗೂ ಸಲ್ಲತೊಡಗಿದ್ದು ಈ ಕ್ಷೇತ್ರದಲ್ಲಿ ನಡೆದ ಅತ್ಯಂತ ಸಂತೋಷದ ಬದಲಾವಣೆಗಳಲ್ಲೊಂದು.

ಬ್ರಿಟನ್ನಿನಲ್ಲಿ ಹಣ ಕೊಡುವುದು ಲಾಟರಿ. 1994ರಲ್ಲಿ ಶುರುವಾದ ರಾಷ್ಟ್ರೀಯ ಲಾಟರಿಯ ಸತ್ಕಾರ್ಯ ನಿಧಿಯಲ್ಲಿ ಐದನೇ ಒಂದು ಪಾಲು ಪರಂಪರೆಗೆ ಸಲ್ಲುತ್ತದೆ. ಅರ್ಜಿ ಹಾಕುವವರು ಕಾಮಗಾರಿಯ ಅಂದಾಜಿನ ಜೊತೆಗೆ ಅದು ಮುಗಿದ ಮೇಲಿನ ನಿರ್ವಹಣೆಯ ಯೋಜನೆಯನ್ನೂ ಕೊಡಬೇಕು. ಇದು ಎಲ್ಲ ಅನುದಾನಗಳಿಗೂ ಇರಬೇಕಾದ ಷರತ್ತು. ಅದೇ ದೇಶದಲ್ಲಿ ಹೊಸ ಮನೆ ಕಟ್ಟಿದರೆ ಮೌಲ್ಯವರ್ಧಿತ ತೆರಿಗೆ ಇಲ್ಲ, ಹಳೆಯ ಕಟ್ಟಡ ದುರಸ್ತಿ ಮಾಡಿದರೆ ಶೇ 20. ಚರ್ಚುಗಳಿಗೂ ಇತರ ಪೂಜಾಸ್ಥಳಗಳಿಗೂ ಆ ತೆರಿಗೆಯನ್ನು ಮರಳಿಸಲು 2001ರಲ್ಲಿ ಬೇರೆಯೇ ಅನುದಾನ ಯೋಜನೆ ತರಬೇಕಾಯಿತು.

ಅಂತರರಾಷ್ಟ್ರೀಯ ನೆರವಿನ ದೊಡ್ಡ ಕತೆ ಈಜಿಪ್ಟಿನದು. ಅಸ್ವಾನ್ ಅಣೆಕಟ್ಟಿನ ನೀರಲ್ಲಿ ಮುಳುಗಲಿದ್ದ ಅಬು ಸಿಂಬೆಲ್ ದೇವಾಲಯಗಳನ್ನು 1964ರಿಂದ 1968ರ ನಡುವೆ ತುಂಡುತುಂಡಾಗಿ ಕೊಯ್ದು ಸುಮಾರು 65 ಮೀಟರ್ ಎತ್ತರಕ್ಕೆ ಸಾಗಿಸಲಾಯಿತು. ಸುಮಾರು 4 ಕೋಟಿ ಡಾಲರ್ ಖರ್ಚಿನಲ್ಲಿ ಅರ್ಧದಷ್ಟನ್ನು 50 ದೇಶಗಳು ಕೊಟ್ಟವು. ಆ ಉತ್ಸಾಹದಿಂದಲೇ 1972ರ ವಿಶ್ವ ಪರಂಪರೆ ಒಡಂಬಡಿಕೆ ರೂಪುಗೊಂಡಿತು. ಅದರ ನಿಧಿ ಮಾತ್ರ ಚಿಕ್ಕದು. ವರ್ಷಕ್ಕೆ 30 ಲಕ್ಷ ಡಾಲರ್ ಆಸುಪಾಸಿನ ಮೊತ್ತ 1,200ಕ್ಕೂ ಹೆಚ್ಚು ತಾಣಗಳ ನಡುವೆ ಹಂಚಿಹೋಗಬೇಕು. ಬೇಲೂರು, ಹಳೇಬೀಡು, ಸೋಮನಾಥಪುರಗಳು 2023ರಲ್ಲಿ ಪಟ್ಟಿ ಸೇರಿದಾಗ ಇನ್ನು ಯುನೆಸ್ಕೊದಿಂದ ಹಣ ಬರುತ್ತದೆಂದು ಹಲವರು ನಂಬಿದ್ದರು. ಪಟ್ಟಿ ಕೊಡುವುದು ಹೆಸರು ಮತ್ತು ಹೊಣೆ, ಖರ್ಚು ಆಯಾ ದೇಶದ್ದೇ. ನ್ಯೂಯಾರ್ಕಿನ ವಿಶ್ವ ಸ್ಮಾರಕ ನಿಧಿ 1996ರಿಂದ ಪ್ರಕಟಿಸುತ್ತಿರುವ ಅಪಾಯದ ತಾಣಗಳ ಪಟ್ಟಿಯೂ ಅಷ್ಟೆ, ಅದು ದಾನಿಗಳ ಕಣ್ಣು ಅತ್ತ ಹರಿಯುವಂತೆ ಮಾಡುತ್ತದೆ. ವಿಜಯಪುರದಲ್ಲಿ ಆದಿಲ್‌ಶಾಹಿ ಕಾಲದಲ್ಲಿ ನೆಲದಡಿ ಸುರಂಗ ತೋಡಿ ನಗರಕ್ಕೆ ನೀರು ತಂದ ಸುರಂಗ ಬಾವಡಿ 2020ರ ಪಟ್ಟಿಯಲ್ಲಿತ್ತು. ಗೋಳಗುಮ್ಮಟ ನೋಡಿ ಹಿಂದಿರುಗುವ ಪ್ರವಾಸಿಗರಿಗೆ ಅಂಥದ್ದೊಂದು ಇದೆಯೆಂದೇ ತಿಳಿದಿರಲಿಲ್ಲ.

ಕಲ್ಲಿಗೆ ಕೊಡುವ ಹಣದಷ್ಟೇ ಮುಖ್ಯವಾದದ್ದು ಕಲಿಯುವವರಿಗೆ ಕೊಡುವ ಹಣ. ಸಾಂಸ್ಕೃತಿಕ ಆಸ್ತಿಯ ಸಂರಕ್ಷಣೆಯನ್ನು ಕಲಿಸಲು ಒಂದು ಅಂತರರಾಷ್ಟ್ರೀಯ ಕೇಂದ್ರ ಬೇಕೆಂದು ಯುನೆಸ್ಕೊ ತೀರ್ಮಾನಿಸಿದ್ದು 1956ರ ಹೊಸದಿಲ್ಲಿಯ ಮಹಾಧಿವೇಶನದಲ್ಲಿ. ಅದೇ 1959ರಲ್ಲಿ ರೋಮಿನಲ್ಲಿ ಆರಂಭವಾದ ಇಕ್ರೋಮ್. ಅದರ ಕಲ್ಲಿನ ಸಂರಕ್ಷಣೆಯ ತರಬೇತಿ 1976ರಲ್ಲಿ ವೆನಿಸ್‌ನಲ್ಲಿ, ಮರದ್ದು 1984ರಲ್ಲಿ ನಾರ್ವೆಯಲ್ಲಿ ಶುರುವಾಯಿತು. ಭಾರತೀಯರಿಗೆ ಬ್ರಿಟನ್ನಿನಲ್ಲಿ ಕಲಿಯಲು ನೆರವಾಗುವ ಚಾರ್ಲ್ಸ್ ವ್ಯಾಲೇಸ್ ಇಂಡಿಯಾ ಟ್ರಸ್ಟ್ 1981ರದು. ಕಲ್ಕತ್ತೆಯಲ್ಲಿ ಹಡಗು ವ್ಯಾಪಾರದಿಂದ ಗಳಿಸಿ 1916ರಲ್ಲಿ ತೀರಿಕೊಂಡ ವ್ಯಾಲೇಸ್ ಬಿಟ್ಟುಹೋದ ಆಸ್ತಿಯೇ ಅದರ ಮೂಲ. ಭಾರತದ ಸಂರಕ್ಷಣಾ ವಾಸ್ತುಶಿಲ್ಪಿಗಳಿಗೆ, ಹಸ್ತಪ್ರತಿ ಮತ್ತು ಚಿತ್ರಗಳ ಸಂರಕ್ಷಕರಿಗೆ ಈ ಹಣ ಹಲವು ದಶಕಗಳಿಂದ ದಾರಿ ಮಾಡಿಕೊಟ್ಟಿದೆ. 1984ರಲ್ಲಿ ಸ್ಥಾಪನೆಯಾದ ಇಂಟ್ಯಾಕ್‌ನ ಪರಂಪರೆ ಅಕಾಡೆಮಿ ಸಂಶೋಧನೆಗೂ ತರಬೇತಿಗೂ ವಿದ್ಯಾರ್ಥಿವೇತನ ಕೊಡುತ್ತದೆ. ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿರುವ ಅದರ ಕಲಾ ಸಂರಕ್ಷಣಾ ಕೇಂದ್ರದಲ್ಲಿ ತಾಳೆಗರಿ, ತೈಲಚಿತ್ರಗಳ ಕೆಲಸ ನಡೆಯುತ್ತದೆ.

ಇವೆಲ್ಲಕ್ಕಿಂತ ಹಳೆಯದು, ಅನುಕರಣೆಗೆ ಯೋಗ್ಯವಾದದ್ದು ಲೆಥಬಿ ವಿದ್ಯಾರ್ಥಿವೇತನ. ವಿಲಿಯಂ ಮಾರಿಸ್ 1877ರಲ್ಲಿ ಲಂಡನ್ನಿನಲ್ಲಿ ಕಟ್ಟಿದ ಪ್ರಾಚೀನ ಕಟ್ಟಡಗಳ ರಕ್ಷಣಾ ಸಂಘ ಇದನ್ನು 1930ರಲ್ಲಿ ಆರಂಭಿಸಿತು. ಹಳೆಯದನ್ನು ಹೊಸದಾಗಿಸುವ ಹುಮ್ಮಸ್ಸಿಗಿಂತ ದಿನದಿನದ ಆರೈಕೆ ಮೇಲೆಂದು ಮಾರಿಸ್ ನಂಬಿದ್ದರು. ವರ್ಷಕ್ಕೆ ಮೂರೋ ನಾಲ್ಕೋ ಯುವ ವಾಸ್ತುಶಿಲ್ಪಿ, ಎಂಜಿನಿಯರ್, ಸರ್ವೇಯರುಗಳನ್ನು ಆರಿಸುತ್ತಾರೆ. ಅವರಿಗೆ ತರಗತಿ ಇಲ್ಲ. ತಿಂಗಳುಗಟ್ಟಲೆ ದೇಶ ಸುತ್ತುತ್ತಾರೆ, ಅಟ್ಟಣಿಗೆ ಹತ್ತುತ್ತಾರೆ, ಕಲ್ಲುಗಣಿಗೆ ಇಳಿಯುತ್ತಾರೆ, ಬಡಗಿಯ ಪಕ್ಕ ನಿಂತು ಕೊಳೆತ ತೊಲೆಯ ತುದಿಯನ್ನಷ್ಟೇ ಕತ್ತರಿಸಿ ಹೊಸ ತುಂಡು ಕೂಡಿಸುವುದನ್ನು ನೋಡುತ್ತಾರೆ, ಸುಣ್ಣ ಕಲಸುತ್ತಾರೆ. ಪುಸ್ತಕದಲ್ಲಿ ಸಿಗದ ವಿವೇಕ ಅಲ್ಲಿ ಸಿಗುತ್ತದೆ: ಯಾವುದನ್ನು ಮುಟ್ಟಬೇಕು, ಯಾವುದನ್ನು ಮುಟ್ಟದೆ ಬಿಡಬೇಕು.

ಪದವೀಧರರಿಗೆ ಇಷ್ಟೆಲ್ಲ ದಾರಿಗಳಿವೆ. ಅರ್ಜಿ ನಮೂನೆಯನ್ನೇ ಓದಲಾರದ ಗಾರೆ ಮೇಸ್ತ್ರಿಗೆ, ಕಲ್ಲುಕುಟಿಗನ ಮಗನಿಗೆ ಏನಿದೆ? ಬ್ರಿಟನ್ನಿನ ಅದೇ ಸಂಘ ಕಲ್ಲು, ಮರ, ಸೀಸ, ಗಾರೆಯ ಕೆಲಸಗಾರರಿಗೆಂದೇ 1987ರಲ್ಲಿ ಮಾರಿಸ್ ಹೆಸರಿನ ಫೆಲೋಶಿಪ್ ಆರಂಭಿಸಿತು. ನಮ್ಮಲ್ಲಿ ಈ ಕೊರತೆಯನ್ನು ಒಂದಿಷ್ಟು ತುಂಬುತ್ತಿರುವುದು ಕಾರ್ಕಳದ ಹತ್ತಿರ ಮಿಯಾರಿನಲ್ಲಿರುವ ಸಿ.ಇ. ಕಾಮತ್ ಕುಶಲಕರ್ಮಿಗಳ ಸಂಸ್ಥೆ. ಕೆನರಾ ಬ್ಯಾಂಕಿನ ಗ್ರಾಮೀಣಾಭಿವೃದ್ಧಿ ಟ್ರಸ್ಟಿನ ಆಸರೆಯಲ್ಲಿ ನಡೆಯುವ ಇಲ್ಲಿ ಹಳ್ಳಿಗಳ ಹುಡುಗರು ಕಲ್ಲು, ಮರ, ಲೋಹದ ಶಿಲ್ಪವನ್ನು ಶುಲ್ಕವಿಲ್ಲದೆ, ಊಟ ವಸತಿಯ ಚಿಂತೆಯಿಲ್ಲದೆ ಕಲಿಯುತ್ತಾರೆ. ಅವರು ಕಲಿಯುವುದು ಹೆಚ್ಚಾಗಿ ಹೊಸ ವಿಗ್ರಹ, ಹೊಸ ಕಂಬಗಳ ಕೆತ್ತನೆ. ಹಳೆಯ ಗೋಡೆಯ ಬಿರುಕು ಓದುವುದನ್ನು, ಹಳೆಯ ಗಾರೆಯನ್ನು ಹೊಂದಿಸಿ ಅರೆಯುವುದನ್ನು ಕಲಿಸುವ ಒಂದು ವರ್ಷದ ವೇತನಸಹಿತ ತರಬೇತಿಯನ್ನು ಇಂಥ ಕಡೆ ಸೇರಿಸಲು ಬೇಕಾಗುವ ಹಣ ಒಂದು ದೊಡ್ಡ ದೇಗುಲದ ಜೀರ್ಣೋದ್ಧಾರದ ಅಂದಾಜಿನ ಮುಂದೆ ಅತ್ಯಲ್ಪ.